ಯಾರದ್ದೂ ಅಲ್ಲದ ಪ್ರೋಗ್ರಾಮು

ಶಿಷ್ಯ ಕೇಳಿದ: "ದಾಖಲೆಯಲ್ಲಿ ಇಲ್ಲದ್ದು ಯಂತ್ರದಲ್ಲಿ ಇದ್ದರೆ ಏನು ಮಾಡಬೇಕು ಗುರುಗಳೇ? ಅಳಿಸಬೇಕೋ, ಬಿಡಬೇಕೋ?"

ಅವನು ಒಂದು ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಯುನಿಕ್ಸ್ ಎಂಬ ವ್ಯವಸ್ಥೆಯ ವಂಶದ್ದು. ಅದರೊಳಗೆ ಸೇರಿಸಿದ ಪ್ಯಾಕೇಜುಗಳ, ಅಂದರೆ ಪ್ರೋಗ್ರಾಮುಗಳ ಕಟ್ಟುಗಳ, ದಾಖಲೆ ಕೆಟ್ಟಿತ್ತು. ತನಗಿಂತ ಮೊದಲು ಅಲ್ಲಿದ್ದವಳ ಮೇಲೆ ಅವನಿಗೆ ಗುಮಾನಿ. ಅವಳು ಕದ್ದು ಸೇರಿಸಿದ್ದನ್ನೆಲ್ಲ ಆ ಮಧ್ಯಾಹ್ನವೇ ಅಳಿಸುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದ. ಗುರು ಹೂಂ ಅಂದರೆ ಸಾಕಿತ್ತು.

ಗುರು ಹೂಂ ಅನ್ನಲಿಲ್ಲ. ಕತೆ ಹೇಳಿದರು.

ಒಂದೂರು. ಊರಿನ ಕೇರಿಗಳಿಗೆ ನೀರು ಬಿಡುವುದು ಒಂದು ಕಂಪ್ಯೂಟರ್. ಅದಕ್ಕೊಬ್ಬ ಪಾಲಕ, ಹೊಸದಾಗಿ ಬಂದವನು. ಅವನ ಮನೆ ದಿಬ್ಬದ ಕೇರಿಯಲ್ಲಿ. ಅಲ್ಲಿ ಬಾವಿಯಿಲ್ಲ. ಯಂತ್ರ ಬಿಟ್ಟರೆ ನೀರು, ಇಲ್ಲದಿದ್ದರೆ ಇಲ್ಲ.

ಪಾಲಕ ಕೆಲಸ ಬಲ್ಲವನು. ಆದರೆ ತನ್ನ ನೆರಳನ್ನೂ ತಿರುಗಿ ನೋಡಿ ಯಾರೆಂದು ಕೇಳುವ ಜಾತಿ. ಹಿಂದಿನ ಪಾಲಕ ಜಂಬಣ್ಣ ಅದೇ ಕಚೇರಿಯ ಇನ್ನೊಂದು ಕೋಣೆಗೆ ಹೋಗಿದ್ದ. ಬೀಗದ ಕೈ ಕೊಡುವಾಗ ನಕ್ಕಿದ್ದ. ಆ ನಗೆ ಹೊಸಬನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಯಾಕೆ ನಕ್ಕ?

ಇಂಥ ಯಂತ್ರಗಳಲ್ಲಿ ಯಾವ ಪ್ಯಾಕೇಜು ಸೇರಿದರೂ ಅದರ ಹೆಸರು, ಅದು ತಂದ ಕಡತಗಳು, ಎಲ್ಲ ದಾಖಲೆಗೆ ಹೋಗುತ್ತವೆ. ಒಂದು ದಿನ ಪಾಲಕ ಪ್ಯಾಕೇಜುಗಳನ್ನು ಹೊಸದು ಮಾಡುತ್ತಿದ್ದ. ಯಂತ್ರ ದಾಖಲೆ ಬರೆಯುತ್ತಿರುವಾಗಲೇ ಕರೆಂಟು ಹೋಯಿತು. ಬಂದಿತು. ಯಂತ್ರ ಎದ್ದಿತು. ಮರುದಿನ ಕೇರಿಗೆ ನೀರೂ ಬಂತು. ಆದರೆ ಹೊಸ ಪ್ಯಾಕೇಜು ಒಂದನ್ನೂ ಯಂತ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ದಾಖಲೆ ಓದಲಾಗುತ್ತಿಲ್ಲ ಅಂದಿತು.

ಪಾಲಕ ದಾಖಲೆ ತೆರೆದ. ಅರ್ಧದವರೆಗೆ ಅಕ್ಷರ, ಅಲ್ಲಿಂದಾಚೆ ಕಸ. ಕರೆಂಟು ಸರಿಯಾಗಿ ಅದೇ ಗಳಿಗೆಗೆ ಯಾಕೆ ಹೋಯಿತು ಎಂದು ಯೋಚಿಸಿದ. ಮೇನ್ ಸ್ವಿಚ್ಚು ಜಂಬಣ್ಣನ ಕೋಣೆಯ ಪಕ್ಕದಲ್ಲಿತ್ತು.

ಕಸವನ್ನೆಲ್ಲ ಕತ್ತರಿಸಿ ಎಸೆದ. ಯಂತ್ರದ ಗೊಣಗಾಟ ನಿಂತಿತು. ಅಷ್ಟಕ್ಕೆ ಬಿಟ್ಟಿದ್ದರೂ ಊರು ನೀರು ಕುಡಿಯುತ್ತಿತ್ತು. ಬಿಡಲಿಲ್ಲ.

ಒಳಗೆ ಏನೇನಿದೆ ನೋಡಬೇಕೆನಿಸಿತು. ಒಂದೊಂದೇ ಕಡತ ತೋರಿಸಿ, ಇದು ಯಾವ ಪ್ಯಾಕೇಜಿನದು ಎಂದು ಯಂತ್ರವನ್ನು ಕೇಳುತ್ತ ಹೋದ. ನೀರಿನ ಲೆಕ್ಕ ನೋಡುವ ದೊಡ್ಡ ಪ್ರೋಗ್ರಾಮಿಗೆ ಹೆಸರು ಸಿಕ್ಕಿತು. ಅವನಿಗೆ ಪರಿಚಯವಿದ್ದದ್ದು ಅದೊಂದೇ. ಇನ್ನು ಕೆಲವಕ್ಕೂ ಸಿಕ್ಕಿತು. ಉಳಿದವಕ್ಕೆಲ್ಲ ಯಂತ್ರದ್ದು ಒಂದೇ ಮಾತು, ಯಾವುದರದ್ದೂ ಅಲ್ಲ. ಇಷ್ಟೊಂದು ಕಳ್ಳರನ್ನು ಒಳಗಿಟ್ಟುಕೊಂಡು ತಾನು ಹೊರಗೆ ಬಾಗಿಲು ಕಾಯುತ್ತಿದ್ದೆನಲ್ಲ ಅಂದುಕೊಂಡ ಪಾಲಕ.

ಅವುಗಳಲ್ಲಿ ಒಂದು ಅವನನ್ನು ಬಹಳ ಕಾಡಿತು. ಚಿಕ್ಕದು. ದಿನಾ ನಸುಕಿನಲ್ಲಿ ಯಾರೂ ಕರೆಯದೆ ಏಳುತ್ತಿತ್ತು. ಕಟ್ಟಡದಿಂದ ಹೊರಗೆ ಹೋಗುವ ತಂತಿಯೊಂದರಲ್ಲಿ ಎರಡು ಮಾತು ಆಡುತ್ತಿತ್ತು. ಮತ್ತೆ ಮಲಗುತ್ತಿತ್ತು. ಮನೆಗಳ್ಳನ ಲಕ್ಷಣ. ಯಂತ್ರವನ್ನು ಕೇಳಿದರೆ ಅದೂ ಯಾರದ್ದೂ ಅಲ್ಲ.

ಅಷ್ಟರಲ್ಲಿ ಜಂಬಣ್ಣ ಎರಡು ಲೋಟ ಚಹಾ ಹಿಡಿದು ಬಂದ. ಪಾಲಕ ಪರದೆಯನ್ನು ಓರೆ ಮಾಡಿದ. ಜಂಬಣ್ಣ ಆಗಲೇ ಕಂಡಿದ್ದ. ಕೆಡುವುದಕ್ಕೆ ಮುಂಚಿನ ದಾಖಲೆಯ ಒಂದು ಪ್ರತಿಯನ್ನು ಯಂತ್ರವೇ ಬೇರೆ ಕಡೆ ಇಟ್ಟಿರುತ್ತದೆ, ಅದನ್ನು ತಂದು ಕೂರಿಸು, ಆಮೇಲೆ ಸೇರಿದ್ದನ್ನು ಮತ್ತೊಮ್ಮೆ ಸೇರಿಸು, ಮುಗಿಯಿತು ಅಂದ. ಬೇಕಾದರೆ ತಾನೇ ಕೂತು ಮಾಡಿಕೊಡುತ್ತೇನೆ ಅಂದ.

ಪಾಲಕ ಬೇಡ ಅಂದ. ದಾಖಲೆಯಲ್ಲಿ ಇಲ್ಲದ್ದನ್ನು ಮೊದಲು ಹೊರಗೆ ಹಾಕುತ್ತೇನೆ ಅಂದ.

ಜಂಬಣ್ಣ ಲೋಟ ಕೆಳಗಿಟ್ಟ. "ಅಲ್ಲೋ ತಮ್ಮ, ರೇಷನ್ ಕಾರ್ಡಿನಲ್ಲಿ ಅಜ್ಜಿಯ ಹೆಸರನ್ನು ಇಲಿ ತಿಂದರೆ ಅಜ್ಜಿಯನ್ನೇ ಮನೆಯಿಂದ ಹೊರಗೆ ಹಾಕ್ತೀಯಾ?"

"ಅಜ್ಜಿ ಯಾರ ಕಡೆಯವಳು ಅಂತ ಮೊದಲು ಗೊತ್ತಾಗಲಿ," ಅಂದ ಪಾಲಕ.

ಜಂಬಣ್ಣ ನಕ್ಕ. ಅದೇ ನಗೆ.

ಅವನು ಹೋದ ಮೇಲೆ ಪಾಲಕ ಹಳೆಯ ಪ್ರತಿಯನ್ನು ಹುಡುಕಿ ತೆರೆದ. ಯಾರದ್ದೂ ಅಲ್ಲದವುಗಳ ಹೆಸರೆಲ್ಲ ಅದರಲ್ಲಿತ್ತು. ನಸುಕಿನಲ್ಲಿ ಏಳುವುದರದ್ದೂ ಇತ್ತು. ಇನ್ನೊಬ್ಬನಾಗಿದ್ದರೆ ನಿಟ್ಟುಸಿರು ಬಿಟ್ಟು ಚಹಾ ಕುಡಿಯುತ್ತಿದ್ದ. ಪಾಲಕ ತಿರುಗಿಸಿ ಯೋಚಿಸಿದ. ಈ ಪ್ರತಿಯನ್ನು ನೋಡು ಅಂದವನು ಯಾರು? ಜಂಬಣ್ಣ. ಕಳ್ಳ ಕರೆತಂದ ಸಾಕ್ಷಿ ಯಾರ ಪರ ಹೇಳುತ್ತದೆ? ಪ್ರತಿಯನ್ನು ಅಳಿಸಿದ. ಚಹಾವನ್ನೂ ಕಿಟಕಿಯಾಚೆ ಚೆಲ್ಲಿದ.

ಸಂಜೆಯವರೆಗೆ ಕೂತು, ಯಾರದ್ದೂ ಅಲ್ಲದವುಗಳನ್ನು ಹುಡುಕಿ ಹುಡುಕಿ ಅಳಿಸಿದ. ನಸುಕಿನಲ್ಲಿ ಏಳುವುದನ್ನು ಕೊನೆಗೆ ಇಟ್ಟುಕೊಂಡಿದ್ದ. ಅದನ್ನು ಅಳಿಸುವಾಗ ತುಸು ಸುಖವೂ ಆಯಿತು. ಆಮೇಲೆ ದಾಖಲೆಗೂ ಒಳಗಿರುವುದಕ್ಕೂ ತಾಳೆ ನೋಡು ಎಂದು ಯಂತ್ರಕ್ಕೆ ಹೇಳಿದ. ಯಂತ್ರ ನೋಡಿತು. ದಾಖಲೆಯಲ್ಲಿದ್ದದ್ದು ಒಳಗಿದೆ. ಒಳಗಿದ್ದದ್ದು ದಾಖಲೆಯಲ್ಲಿದೆ. ತಪ್ಪು ಒಂದೂ ಇಲ್ಲ.

ಕೆಲಸಕ್ಕೆ ಸೇರಿದಂದಿನಿಂದ ಪಾಲಕ ಅಂಥ ನಿದ್ದೆ ಮಾಡಿರಲಿಲ್ಲ.

ಬೆಳಗ್ಗೆ ಹೆಂಡತಿ ಎಬ್ಬಿಸಿದಳು. ಕೇರಿಯ ನಲ್ಲಿಗಳ ಮುಂದೆ ಕೊಡಗಳು ಸಾಲು ನಿಂತಿದ್ದವು. ನಲ್ಲಿ ತಿರುಗಿಸಿದರೆ ಗಾಳಿ ಬರುತ್ತಿತ್ತು. ಪಕ್ಕದ ಮನೆಯ ಬಾಣಂತಿಗೆ ಬಿಸಿನೀರು ಕಾಯಿಸಲು ಒಂದು ಚೊಂಬು ನೀರಿಲ್ಲ. ಯಂತ್ರ ಕೆಟ್ಟಿದೆಯಾ ಎಂದು ಹೆಂಡತಿ ಕೇಳಿದಳು. ಕೆಟ್ಟಿಲ್ಲ, ನಿನ್ನೆ ತಾನೇ ಸರಿಮಾಡಿದ್ದೇನೆ ಅಂದ. ಅವಳು ಖಾಲಿ ಕೊಡವನ್ನು ಅವನ ಕಾಲ ಬಳಿ ಇಟ್ಟು ಹೋದಳು.

ಕಚೇರಿಗೆ ಓಡಿದ. ಯಂತ್ರವನ್ನು ಮತ್ತೆ ಕೇಳಿದ. ತಪ್ಪು ಒಂದೂ ಇಲ್ಲ ಅಂದಿತು. ಆಗ ಎದ್ದು, ಹೊರಗೆ ಹೋಗುವ ಆ ತಂತಿಯ ಜಾಡು ಹಿಡಿದು ನಡೆದ. ತಂತಿ ಕಚೇರಿಯ ಹಿತ್ತಿಲು ದಾಟಿತು. ಬೇಲಿ ದಾಟಿತು. ಟ್ಯಾಂಕಿನ ಬುಡದಲ್ಲಿ ದಿಬ್ಬದ ಕೇರಿಯ ವಾಲ್ವಿಗೆ ಹೋಗಿ ಸೇರಿತ್ತು. ವಾಲ್ವು ಮುಚ್ಚಿತ್ತು.

ನಸುಕಿನಲ್ಲಿ ಎದ್ದು ಅದಕ್ಕೆ ತೆರೆ ಎಂದು ಹೇಳುತ್ತಿದ್ದ ಆ ಚಿಕ್ಕ ಪ್ರೋಗ್ರಾಮು ಈಗ ಇರಲಿಲ್ಲ. ಏನೇನನ್ನು ಮತ್ತೆ ತರಬೇಕೆಂದು ಹೇಳಬಲ್ಲ ಆ ಹಳೆಯ ಪ್ರತಿಯೂ ಇರಲಿಲ್ಲ.

ಗುರು ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವತ್ತು ಮೇನ್ ಸ್ವಿಚ್ಚು ಆಫ್ ಮಾಡಿದವನು ಜಂಬಣ್ಣನೇ ಅಲ್ಲವೇ ಗುರುಗಳೇ?"

ಗುರು ಹೇಳಿದರು: "ಕರೆಂಟು ಹೋದದ್ದು ಇಡೀ ಊರಿಗೆ, ಕೆಟ್ಟ ದಾಖಲೆಯನ್ನು ನಿಜ ಮಾಡಿದವನು ಪಾಲಕ ಒಬ್ಬನೇ."