ಹಿರೇಹೊಂಡದ ಅಳಿಸಿದ ಅಭಿಪ್ರಾಯಗಳು

ಹಿರೇಹೊಂಡ ಪುರಸಭೆಯ ವೆಬ್‌ಸೈಟಿನಲ್ಲಿ ಅಧ್ಯಕ್ಷರ ಫೋಟೊ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅದನ್ನು ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆ ನೀಲಾಂಬಿಕಾ ಸೇರಿದಳು. ಪುರಸಭೆ ಏನೇನು ಮಾಡಲು ಹೊರಟಿದೆ ಎಂಬುದನ್ನು ಸರಳ ಕನ್ನಡದಲ್ಲಿ ಹಾಕಿದಳು. ಕೆಳಗೆ ಜನ ಅಭಿಪ್ರಾಯ ಹೇಳಲು ಜಾಗ ಮಾಡಿದಳು. ಬರೆಯಲು ಬಾರದವರು ಫೋನಿನಲ್ಲಿ ಮಾತಾಡಿ ಕಳಿಸಬಹುದಿತ್ತು.

ಮೊದಮೊದಲು ಯಾರೂ ಅತ್ತ ತಲೆಹಾಕಲಿಲ್ಲ. ಕೊನೆಗೆ ಒಬ್ಬಾಕೆ ಕೆಟ್ಟ ಬೀದಿದೀಪದ ಬಗ್ಗೆ ಬರೆದಳು. ನೀಲಾಂಬಿಕಾ ಬೆನ್ನುಹತ್ತಿ ಅದನ್ನು ರಿಪೇರಿ ಮಾಡಿಸಿದಳು, ಉತ್ತರವನ್ನೂ ಹಾಕಿದಳು. ಕೇಳುವವರಿದ್ದಾರೆ ಎಂದು ಗೊತ್ತಾದ ಮೇಲೆ ಊರೇ ಬಾಯಿಬಿಟ್ಟಿತು.

ಅಷ್ಟರಲ್ಲಿ ಸಂತೆ ಮೈದಾನದ ಹೆಂಗಸರ ಶೌಚಾಲಯ ಕೆಡವಿ ಅಂಗಡಿ ಮಳಿಗೆ ಕಟ್ಟುವ ಯೋಜನೆ ಬಂತು. ವೆಬ್‌ಸೈಟಿನ ತುಂಬ ವಿರೋಧ. ಬಳೆ ಮಾರುವ ಮಹಬೂಬಿ ಮಾತಾಡಿ ಕಳಿಸಿದ್ದಳು: "ಸಂತ್ಯಾಗ ದಿನಾಪೂರ್ತಿ ಕುಂದರ್ತೀವಿ. ನಾವು ಎಲ್ಲಿ ಹೋಗ್ಬೇಕ್ರಿ?"

ಅಧ್ಯಕ್ಷ ಚನ್ನಪ್ಪಗೌಡರು ನೀಲಾಂಬಿಕಾಳನ್ನು ಕರೆಸಿದರು. "ಹೊಗಳಿದ್ದು ಇರ್ಲಿ. ಉಳಿದದ್ದೆಲ್ಲಾ ಅಳಿಸಿಬಿಡು."

ಮನೆ ನಡೆಯುತ್ತಿದ್ದುದೇ ಅವಳ ಸಂಬಳದಿಂದ. ಆದರೂ ಹೇಳಿದಳು: "ಅಳಿಸಂಗಿಲ್ರಿ ಸಾಹೇಬ್ರ. ಹೇಳ್ರಿ ಅಂತ ನಾವೇ ಕೇಳೀವಿ. ಅವ್ರು ಹೇಳ್ಯಾರ."

"ಹಂಗಾದ್ರ ನಾಳಿಯಿಂದ ಬರಬ್ಯಾಡ."

"ಆತ್ರಿ. ಆದ್ರ ನನ್ನ ಕೈಲೆ ಆ ಕೆಲಸ ಆಗಂಗಿಲ್ಲ."

ಮರುದಿನ ಬೇರೊಬ್ಬ ಬಂದು ವಿರೋಧದ ಮಾತನ್ನೆಲ್ಲ ಅಳಿಸಿದ. ತನ್ನ ಮಾತು ಕಾಣದೆ ಮಹಬೂಬಿ ಕೆರಳಿದಳು. ಸಂತೆಯ ಹೆಂಗಸರನ್ನು ವಿಚಾರಿಸಿದರೆ ಅವರದೂ ಮಾಯ. ಪುರಸಭೆಯ ಸಾಮಾನ್ಯ ಸಭೆಯ ದಿನ ಅವರೆಲ್ಲ ಬುಟ್ಟಿ ಬದಿಗಿಟ್ಟು ಸಭಾಂಗಣಕ್ಕೇ ನುಗ್ಗಿದರು.

"ಇದು ಸದಸ್ಯರ ಸಭೆ. ಹೊರಗ ನಡೀರಿ!" ಎಂದರು ಅಧ್ಯಕ್ಷರು.

"ಅಲ್ಲಿ ಹೇಳಿದ್ದು ಅಳಿಸಿದ್ರಿ. ಈಗ ಎದುರಿಗೆ ನಿಂತು ಹೇಳ್ತೀವಿ," ಎಂದಳು ಮಹಬೂಬಿ. "ನಮ್ಮನ್ನ ಹ್ಯಾಂಗ ಅಳಿಸ್ತೀರಿ?"

ಸದಸ್ಯರು ಒಬ್ಬೊಬ್ಬರಾಗಿ ಹೆಂಗಸರ ಪರ ಮಾತಾಡಿದರು. ವೋಟು ಕೇಳಲು ಇವರ ಮನೆಬಾಗಿಲಿಗೇ ಹೋಗಬೇಕಿತ್ತಲ್ಲ! ಯೋಜನೆ ಬಿದ್ದುಹೋಯಿತು. ಜನರ ಅಭಿಪ್ರಾಯವನ್ನು ಯಾರೂ ಅಳಿಸಕೂಡದು, ಎಲ್ಲಕ್ಕೂ ಉತ್ತರ ಕೊಡಬೇಕು ಎಂದು ಠರಾವಾಯಿತು.

ನೀಲಾಂಬಿಕಾಳನ್ನು ಮಾತ್ರ ಯಾರೂ ವಾಪಸು ಕರೆಯಲಿಲ್ಲ. ಠರಾವಿನ ಸುದ್ದಿ ಕೇಳಿದ ಸಂಜೆ ಅವಳು ಫೋನಿನಲ್ಲಿ ಅದೇ ವೆಬ್‌ಸೈಟ್ ತೆರೆದಳು. ತನ್ನ ಹೆಸರು, ಓಣಿ ಹಾಕಿ ಬರೆದಳು: "ನನ್ನನ್ನು ಕೆಲಸದಿಂದ ತೆಗೆದದ್ದು ಯಾಕೆ? ಊರಿನ ಎದುರು ಉತ್ತರ ಕೊಡಿ."

ನೀತಿ: ಅಭಿಪ್ರಾಯ ಕೇಳಿದ ಮೇಲೆ ಕಹಿ ಮಾತಿಗೂ ಉತ್ತರ ಕೊಡುವುದು ಆಡಳಿತದ ಕರ್ತವ್ಯ. ಕೊಡದಿದ್ದರೆ ಬಿಡದೆ ಕೇಳುವುದು ಜನರ ಹಕ್ಕು.