ಹದಿನೆಂಟು ನಿಮಿಷದ ಬಿಸಿನೀರು

ಗಂಡು ಚಿಟ್ಟೆ ಬಲು ಗಲಾಟೆಯ ಪ್ರಾಣಿ. ರೇಷ್ಮೆಗೂಡಿನಿಂದ ಹೊರಗೆ ಬಿದ್ದದ್ದೇ ತಡ, ರೆಕ್ಕೆ ಪಟಪಟ ಬಡಿಯುತ್ತಾ ಹೆಣ್ಣನ್ನು ಹುಡುಕಿಕೊಂಡು ಸುತ್ತುತ್ತದೆ. ಹೆಣ್ಣು ಹಾಗಲ್ಲ, ಕೂತಲ್ಲೇ ಕೂತಿರುತ್ತದೆ.

ಹೊಳೆದಂಡೆಯ ಆ ಆಶ್ರಮದಲ್ಲಿ ಚಿಟ್ಟೆ ಏಳುವ ಬೆಳಗು ಅಂದರೆ ಹಂಚಿನ ಮೇಲೆ ತುಂತುರು ಬಿದ್ದಂಥ ಸದ್ದು. ಅದನ್ನು ಕೇಳಲೆಂದೇ ಗುರು ನಿರ್ವಾಣಯ್ಯನವರು ಬೇಗ ಮಿಂದು ಚಿಟ್ಟೆಮನೆಗೆ ಬರುತ್ತಿದ್ದರು. ಸುತ್ತಲ ಐದು ಊರಿಗೆ ಹುಳುವಿನ ಮೊಟ್ಟೆ ಅಲ್ಲಿಂದಲೇ ಹೋಗಬೇಕು.

ಆ ದಿನ ತಟ್ಟೆಗಳ ತುಂಬ ಚಿಟ್ಟೆಗಳು ಎದ್ದು ಕೂತಿದ್ದವು. ಸದ್ದು ಮಾತ್ರ ಇರಲಿಲ್ಲ.

"ಶಂಭು, ನನ್ನ ಕಿವಿ ಹೋಯ್ತೇನಯ್ಯ?"

ಶಿಷ್ಯ ಶಂಭುಲಿಂಗ ತಟ್ಟೆಗಳತ್ತ ಮುಖ ತಿರುಗಿಸಿದ. "ಇಲ್ಲ ಬುದ್ಧಿ. ಚಳಿ ಅಲ್ವಾ, ಗಂಡು ಇನ್ನೂ ಎದ್ದಿಲ್ಲ. ಏಳ್ತವೆ."

"ಹಾಗಾದ್ರೆ ಕಾಯೋಣ. ಗಂಡು ಎದ್ದ ಮೇಲೇ ನನ್ನ ಊಟ."

ಗುರುಗಳು ಕಂಬಕ್ಕೆ ಒರಗಿ ಕೂತರು.

ಗಂಡು ಏಳುವುದಿಲ್ಲ ಎಂದು ಶಂಭುಲಿಂಗನಿಗೆ ಚೆನ್ನಾಗಿ ಗೊತ್ತಿತ್ತು. ಆ ಗೂಡುಗಳಲ್ಲಿ ಗಂಡೇ ಇರಲಿಲ್ಲ.

ಆಶ್ರಮಕ್ಕೊಂದು ಕಟ್ಟಳೆಯಿತ್ತು: ಊರಿಗೆ ಕೊಡುವ ಮೊಟ್ಟೆ ಇಡಲೆಂದು ಸಾಕುವ ಬೀಜದ ಹುಳುವಿಗೆ ತಾಯಿ ಈ ದಡದ್ದು, ತಂದೆ ಆ ದಡದ್ದು. ಪ್ರತಿ ಸಲವೂ ಶಿಷ್ಯ ಬುಟ್ಟಿ ಹಿಡಿದು ಹೊಳೆ ದಾಟಿ ದೇವೀರಮ್ಮನ ಮನೆಯಿಂದ ಗಂಡು ಚಿಟ್ಟೆ ತರಬೇಕು. ಆಕೆ ಮೂವತ್ತು ವರ್ಷದಿಂದ ಹುಳು ಸಾಕಿದವಳು. ಕೈ ಎಷ್ಟು ಧಾರಾಳವೋ ಬಾಯಿಯೂ ಅಷ್ಟೇ ಜೋರು.

ವರ್ಷದ ಕೆಳಗೆ ಆಕೆ ಹತ್ತು ಜನರ ಮುಂದೆ ಅಂದಿದ್ದಳು, "ಬಾಡಿದ ಸೊಪ್ಪು ಹಾಕ್ತೀಯಂತಲ್ಲೋ ಸೋಮಾರಿ. ಹಿಂಗಾ ಹುಳ ಸಾಕೋದು?"

ಮಾತು ನಿಜವಾಗಿತ್ತು. ಅದಕ್ಕೇ ಶಂಭುಲಿಂಗನಿಗೆ ಸಿಟ್ಟು ನೆತ್ತಿಗೇರಿತು. "ಒಂದು ಮಗು ಹೆರದವಳಿಗೆ ಸಾಕೋ ವಿಚಾರ ಏನು ಗೊತ್ತು?" ಅಂದುಬಿಟ್ಟ.

ದೇವೀರಮ್ಮ ತಿರುಗಿ ಏನೂ ಅನ್ನಲಿಲ್ಲ. ಗಂಡು ಚಿಟ್ಟೆಗಳನ್ನು ಬುಟ್ಟಿಗೆ ಹಾಕಿಕೊಟ್ಟು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನ ಸಲ ಶಂಭುಲಿಂಗ ಹರಿಗೋಲಿನ ತನಕ ಹೋದ, ಆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳನ್ನು ಕಂಡ, ಹಾಗೇ ಹಿಂದಕ್ಕೆ ಬಂದ.

ಆಗ ನೆನಪಾದದ್ದು ಎಂದೋ ತರಬೇತಿಯಲ್ಲಿ ಕೇಳಿದ ಸಂಗತಿ. ಗಂಡು ಕೂಡದ ಹೆಣ್ಣಿನ ಮೊಟ್ಟೆಯನ್ನು, ಬೆರಳು ತಾಳಲಾರದಷ್ಟು ಬಿಸಿಯ ನೀರಲ್ಲಿ ಹದಿನೆಂಟು ನಿಮಿಷ ಅದ್ದಿಟ್ಟರೆ ಅದು ತಾನಾಗಿ ಬೆಳೆದು ಮರಿಯಾಗುತ್ತದಂತೆ. ಎಲ್ಲಕ್ಕಿಂತ ಪುಷ್ಟವಾದ ಒಂದೇ ಹೆಣ್ಣನ್ನು ಆರಿಸಿಕೊಂಡ. ಅದರ ಮೊಟ್ಟೆಗಳನ್ನು ಬಚ್ಚಲಮನೆಯಲ್ಲಿ ಕದ್ದು ಅದ್ದಿದ. ನಾಲ್ಕರಲ್ಲಿ ಮೂರು ಪಾಲು ಸತ್ತವು, ಒಂದು ಪಾಲು ಉಳಿಯಿತು. ಗುರುಗಳಿಗೆ ಹೇಳಿದ್ದು ಮಾತ್ರ "ದೇವೀರಮ್ಮನ ಮನೆಯ ಗಂಡೇ ಬುದ್ಧಿ" ಎಂದು.

ಆ ಹುಳುಗಳೋ! ಪೊರೆ ಕಳಚುವ ನಾಲ್ಕು ಜ್ವರಕ್ಕೂ ಒಂದೇ ಗಳಿಗೆಯಲ್ಲಿ ಸೊಪ್ಪು ಬಿಟ್ಟು ಕೂತವು, ಒಂದೇ ದಿನ ಗೂಡು ಕಟ್ಟಿದವು. ಗೂಡುಗಳೂ ಒಂದೇ ಅಚ್ಚು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. "ಶಂಭಣ್ಣನ ಕೈಗುಣ" ಅಂದರು. ಅವನು ನಾಚಿಕೆಯಿಲ್ಲದೆ ಹೂಂ ಅಂದಿದ್ದ.

ಆ ನಾಚಿಕೆಯೆಲ್ಲ ಈಗ ಒಟ್ಟಿಗೇ ಬರತೊಡಗಿತು.

ಬಿಸಿಲೇರಿತು. ಪಕ್ಕದ ಊರಿನ ಜವರಯ್ಯ ಮೊಟ್ಟೆ ಒಯ್ಯಲು ಬಂದು ಬಾಗಿಲಲ್ಲೇ ಕೈಮುಗಿದ. ಮುದುಕ, ಮೂರು ಮೈಲಿ ನಡೆದು ಬಂದಿದ್ದ.

"ಕೂತ್ಕೊ ಜವರಯ್ಯ. ಗಂಡು ಇನ್ನೇನು ಏಳ್ತವಂತೆ. ಶಂಭು ಹೇಳಿದ್ದಾನೆ."

"ಶಂಭಣ್ಣ ಹೇಳಿದ್ಮೇಲೆ ಆಯ್ತು ಬುದ್ಧಿ" ಎಂದು ಜವರಯ್ಯ ಕೂತ.

ಶಂಭುಲಿಂಗ ಒಳಗಿನಿಂದ ಮುದ್ದೆ ತಂದು ಅವನ ಮುಂದಿಟ್ಟ. ಜವರಯ್ಯ ತಟ್ಟೆ ಸರಿಸಿದ. "ಬುದ್ಧಿಯೋರು ಉಪವಾಸ ಕೂತಿರುವಾಗ ನಾನು ಉಣ್ಣೋದಾ? ಎಲ್ಲಾದರೂ ಉಂಟೇ?"

ಮುದ್ದೆ ಆರಿತು. ನೂರಕ್ಕೂ ಮೇಲೆ ಹೆಣ್ಣು ಚಿಟ್ಟೆಗಳು ರೆಕ್ಕೆ ಅಲುಗಿಸದೆ ಕೂತಿದ್ದವು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು ಶಂಭುಲಿಂಗನಿಗೆ.

ಮಧ್ಯಾಹ್ನ ಕಳೆಯಿತು. ಗುರುಗಳು ನೀರಿನ ಚೊಂಬು ಎತ್ತಿಕೊಂಡಾಗ ಅದು ವಾಲಿ ನೀರು ಎದೆಯ ಮೇಲೆ ಚೆಲ್ಲಿತು. ಒರೆಸಿಕೊಂಡು ಮತ್ತೆ ತಟ್ಟೆಗಳತ್ತ ಕಿವಿಗೊಟ್ಟರು.

ಅದನ್ನು ನೋಡಲು ಅವನಿಂದ ಆಗಲಿಲ್ಲ.

"ಗಂಡು ಏಳಲ್ಲ ಬುದ್ಧಿ."

"ಯಾಕೆ?"

"ಇಲ್ಲವೇ ಇಲ್ಲ. ನಾನು ಹೊಳೆ ದಾಟಿರಲಿಲ್ಲ. ಒಂದೇ ತಾಯಿಯ ಮೊಟ್ಟೆ, ಬಿಸಿನೀರಲ್ಲಿ ಎಬ್ಬಿಸಿದೆ. ತಂದೆಯ ಪಾಲು ಸೇರದ ಮೊಟ್ಟೆ. ಒಳಗೆ ಇರೋದೆಲ್ಲ ಆ ತಾಯಿಯದ್ದೇ. ಹೊಸದು ಏನೂ ಬರಲ್ಲ, ಇದ್ದದ್ದು ಏನೂ ಹೋಗಲ್ಲ. ಅದಕ್ಕೇ ಎಲ್ಲಾ ಹೆಣ್ಣು. ಎಲ್ಲಾ ಆ ತಾಯಿಯೇ."

ಒಂದೇ ಉಸಿರಿನಲ್ಲಿ ಹೇಳಿ ತಲೆ ತಗ್ಗಿಸಿದ.

ಗುರುಗಳು ಬೈಯಲಿಲ್ಲ. "ಆ ತಾಯಿಗೆ ಯಾವುದು ಆಗಿಬರ್ತಿರಲಿಲ್ಲ?" ಎಂದು ಕೇಳಿದರು.

ಶಂಭುಲಿಂಗ ಯೋಚಿಸಿದ. ಹುಳುವಾಗಿದ್ದಾಗ ಸಾಕಿದವನು ಅವನೇ. "ಸೆಕೆ ಬುದ್ಧಿ. ಬಿಸಿಲು ಜೋರಾದ ದಿನ ಸೊಪ್ಪು ಮುಟ್ಟುತ್ತಿರಲಿಲ್ಲ."

"ಈ ಮಕ್ಕಳಿಗೆ?"

"ಸೆಕೆಯೇ."

"ಇವುಗಳ ಮೊಟ್ಟೆಯನ್ನೂ ಬಿಸಿನೀರಿಗೆ ಅದ್ದಿ, ಐದು ಊರಿಗೆ ಕೊಟ್ಟರೆ?"

ಜವರಯ್ಯ ಮೆಲ್ಲಗೆ ಅಂದ, "ಬರೋದು ಬೇಸಿಗೆ ಬೆಳೆ ಅಲ್ವಾ ಶಂಭಣ್ಣ. ಎಲ್ಲರ ಮನೇದೂ ಒಂದೇ ದಿನ ಹೋಗ್ತಿತ್ತೇನೋ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಶಂಭುಲಿಂಗ ಕಣ್ಣೊರೆಸಿಕೊಂಡ.

ಗುರುಗಳು ಗೋಡೆಯ ಮೇಲಿನ ಬುಟ್ಟಿ ಇಳಿಸಿ ಅವನ ಮುಂದಿಟ್ಟರು. "ಹೆಣ್ಣು ನಾಳೆವರೆಗೂ ತಾಳ್ತವೆ. ದೇವೀರಮ್ಮನ ಮನೇಲೂ ಇವತ್ತೇ ಚಿಟ್ಟೆ ಎದ್ದಿವೆ. ಹೋಗಿ ಗಂಡು ಕೇಳಿಕೊಂಡು ಬಾ."

"ಜವರಯ್ಯನ್ನ ಕಳಿಸಿ ಬುದ್ಧಿ. ಆಕೆಗೆ ನಾನು ಆಡಬಾರದ ಮಾತು ಆಡಿದೀನಿ. ಯಾವ ಮುಖ ಇಟ್ಕೊಂಡು ಹೋಗಲಿ?"

"ನಿನಗಿರೋದು ಒಂದೇ ಮುಖ ಅಲ್ವೇನಯ್ಯ? ಅದನ್ನೇ ಇಟ್ಕೊಂಡು ಹೋಗು."

ಬುಟ್ಟಿ ಎತ್ತಿಕೊಂಡ. ಹೊಸಿಲವರೆಗೆ ಹೋಗಿ ನಿಂತ.

"ಬೈದ್ರೆ ಬೈಸ್ಕೊತೀನಿ ಬುದ್ಧಿ. ಅವತ್ತಿನ ಹಾಗೆ ಏನೂ ಅನ್ನದೆ ನಿಂತುಬಿಟ್ರೆ? ಅದನ್ನ ನಾನು ತಾಳಲಾರೆ."

"ಮೊಟ್ಟೆಗಳನ್ನ ಬಿಸಿನೀರಲ್ಲಿ ಎಷ್ಟು ಹೊತ್ತು ಇಟ್ಟಿದ್ದೆ?"

"ಹದಿನೆಂಟು ನಿಮಿಷ."

"ಅಷ್ಟು ಹೊತ್ತು ಅವಳ ಮುಂದೆ ನಿಂತಿರು. ಏನಾದ್ರೂ ಹುಟ್ಟೀತು."