ಗುಟ್ಟಿನ ಬಾಗಿಲು

ಗದ್ದೆಯ ಬದುವಿನ ಇಲಿಗಳು ಆಪತ್ತಿಗಿರಲಿ ಎಂದು ಬಿಲದ ಹಿಂದೆ ಗುಟ್ಟಿನ ಬಾಗಿಲುಗಳನ್ನು ಕೊರೆದು, ಒಳಗಿನಿಂದ ಮಣ್ಣು ಮೆತ್ತಿರುತ್ತವೆ. ಯಾರಿಗೂ ತೋರಿಸುವುದಿಲ್ಲ. ಗುಂಜಿ ಎಂಬ ಇಲಿಯ ಮುದಿ ಅಪ್ಪ ತೋರಿಸಿಬಿಟ್ಟಿದ್ದ. "ನಾನು ಬಿಲ ರಿಪೇರಿಯವನು. ನಿಮ್ಮ ಬಿಲದೊಳಗೆ ಹಾವು ಹೊಕ್ಕಿದೆ, ಹಿಡಿದುಕೊಡುತ್ತೇನೆ" ಎಂದು ಹೊರಗಿನಿಂದ ಕೂಗಿ ಅವನನ್ನು ನಂಬಿಸಿದ್ದು ಒಂದು ಹೆಗ್ಗಣ. ಆ ಬಾಗಿಲಿನಿಂದಲೇ ಕೂಡಿಟ್ಟ ಕಾಳೆಲ್ಲ ಹೋಯಿತು.

ಸುದ್ದಿ ಕೇಳಿ ಓಡಿಬಂದ ಗುಂಜಿ, ಆ ಬಾಗಿಲಿಗೆ ಮಣ್ಣು ತುಂಬುತ್ತಲೇ ಸಿಡುಕಿದಳು. "ಯಾರಿಗೂ ತೋರಿಸಬೇಡ ಅಂತ ನನಗೆ ಕಲಿಸಿದವನು ನೀನೇ ಅಲ್ಲವೇನಪ್ಪಾ? ಬುದ್ಧಿ ಎಲ್ಲಿ ಹೋಗಿತ್ತು?"

ಅಪ್ಪ ಮೂಲೆಯಲ್ಲಿ ಮುದುಡಿ ಕುಳಿತ.

ಅಷ್ಟರಲ್ಲಿ ಮಣ್ಣಿನಾಚೆ ಕೆರೆಯುವ ಸದ್ದಾಯಿತು. "ಯಜಮಾನರೇ, ಕಳ್ಳ ಸಿಕ್ಕಿದ್ದಾನೆ. ಬಾಗಿಲು ತೆಗೆಯಿರಿ, ನಿಮ್ಮ ಕಾಳು ಕೊಟ್ಟು ಹೋಗುತ್ತೇನೆ."

"ಅದೇ ದನಿ!" ಎಂದಳು ಗುಂಜಿಯ ಪಕ್ಕದಲ್ಲಿದ್ದ ಅವ್ವ.

ಅಪ್ಪ ಮಾತ್ರ ಎದ್ದು ಗಬಗಬ ಮಣ್ಣು ಕೆದಕತೊಡಗಿದ. "ಕಾಳು ವಾಪಸು ಬಂದರೆ ನೀನು ಬೈಯುವುದಿಲ್ಲ ತಾನೇ, ಮಗಳೇ?"

ಗುಂಜಿ ಅಪ್ಪನ ಕೈ ಹಿಡಿದುಕೊಂಡಳು. "ಕಾಳು ಹೋದರೆ ಹೋಗಲಿ ಅಪ್ಪಾ. ಇನ್ನು ಬೈಯುವುದಿಲ್ಲ."

ಅಪ್ಪ ಕೆದಕುವುದನ್ನು ನಿಲ್ಲಿಸಿದ. ಮಗಳ ಮುಖವನ್ನೇ ನೋಡಿದ. ಆಮೇಲೆ ಪಿಸುಗುಟ್ಟಿದ:

"ಹಾಗಾದರೆ ಬೇಗ ಬಾ. ಅವನಿಗೆ ಇನ್ನೊಂದು ಬಾಗಿಲನ್ನೂ ತೋರಿಸಿದ್ದೇನೆ."